ಡಬ್ಬಿ ತೆರೆಯುವ ಮುಂಚೆ: ಹೊರಗೋಡೆಯನ್ನು ಮಳೆ-ಬಿಸಿಲಿನಿಂದ ಕಾಯುವ ಕೆಲಸ

ಹೊರಗೋಡೆಯ ಬಣ್ಣ ಹಕ್ಕಳೆ ಎದ್ದರೆ ಎಲ್ಲರೂ ಬೈಯುವುದು ಬಣ್ಣವನ್ನು. ಹೆಚ್ಚಿನ ಸಲ ಬಣ್ಣದ ತಪ್ಪೇನೂ ಇರುವುದಿಲ್ಲ. ಗಾರೆಯೊಳಗೆ ಸೇರಿಕೊಂಡ ನೀರು ಬಿಸಿಲಿಗೆ ಆವಿಯಾಗಿ ಹೊರಬರುವಾಗ ಪದರವನ್ನೇ ದೂಡಿಬಿಡುತ್ತದೆ. ಆದ್ದರಿಂದ ಮೊದಲು ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬನ್ನಿ. ಯಾವ ಪೈಪು ತುಂಬಿ ಹರಿಯುತ್ತಿದೆ, ಯಾವ ಚಜ್ಜಾದ (ಕಿಟಕಿಯ ಮೇಲೆ ಚಾಚಿದ ಕಾಂಕ್ರೀಟ್ ಹಾಸು) ಅಡಿಯಿಂದ ನೀರು ಗೋಡೆಗೆ ಇಳಿಯುತ್ತಿದೆ ಎಂದು ಫೋಟೋ ತೆಗೆದಿಟ್ಟುಕೊಳ್ಳಿ. ಗೋಡೆ ಒಣಗಿದ ಮೇಲೆ ಇದ್ಯಾವುದೂ ಕಾಣುವುದಿಲ್ಲ.

ರಿಪೇರಿ ಮೇಲಿನಿಂದ ಕೆಳಕ್ಕೆ ಬರಲಿ. ತಾರಸಿಯ ಇಳಿಜಾರು ಕನಿಷ್ಠ 100ಕ್ಕೆ 1 ಇರಬೇಕು, ಅಂದರೆ 3 ಮೀಟರಿಗೆ 3 ಸೆಂ.ಮೀ. ಮಳೆ ನಿಂತು ಎರಡು ದಿನವಾದರೂ ನೀರು ನಿಂತಿದ್ದರೆ ಆ ಗುಂಡಿಯನ್ನು ತುಂಬಿಸಿಯೇ ಮುಂದಿನ ಮಾತು. ತಾರಸಿ ಮತ್ತು ಪ್ಯಾರಾಪೆಟ್ (ತಾರಸಿ ಅಂಚಿನ ಮೋಟುಗೋಡೆ) ಸೇರುವ ಮೂಲೆಯನ್ನು ಗಾರೆಯಿಂದ ಗುಂಡಗೆ ತಿರುಗಿಸಿ, ವಾಟರ್‌ಪ್ರೂಫ್ ಲೇಪನವನ್ನು ಗೋಡೆಯ ಮೇಲೂ ಕನಿಷ್ಠ 15 ಸೆಂ.ಮೀ. ಹತ್ತಿಸಿ. ಪ್ಯಾರಾಪೆಟ್‌ನ ನೆತ್ತಿ ತಾರಸಿಯ ಕಡೆಗೆ ವಾಲಿರಲಿ. ಹೊರಗಡೆಗೆ ವಾಲಿದರೆ ಧೂಳು ಬೆರೆತ ನೀರು ಗೋಡೆಯುದ್ದಕ್ಕೂ ಇಳಿದು, ವರ್ಷ ತುಂಬುವುದರೊಳಗೆ ಕಪ್ಪು ಪಟ್ಟೆ ಬೀಳುತ್ತದೆ.

ಚಜ್ಜಾದ ಅಡಿಭಾಗವನ್ನು ಕೈಯಾಡಿಸಿ ನೋಡಿ. ಅಂಚಿನಿಂದ ಮೂರು-ನಾಲ್ಕು ಸೆಂ.ಮೀ. ಒಳಗೆ ಸುಮಾರು 1 ಸೆಂ.ಮೀ. ಅಗಲದ, ಉದ್ದಕ್ಕೂ ಕೊರೆದ ಒಂದು ತೋಡು ಇರಬೇಕು. ಇಲ್ಲದಿದ್ದರೆ ನೀರು ಕಾಂಕ್ರೀಟಿಗೆ ಅಂಟಿಕೊಂಡೇ ಒಳಮುಖವಾಗಿ ಹರಿದು ಕಿಟಕಿಯ ನೆತ್ತಿಗೆ ಬರುತ್ತದೆ. ತೋಡು ಇಲ್ಲವೆಂದು ಕಟರ್ ಹಾಕಲು ಹೋಗಬೇಡಿ, ಒಳಗಿನ ಕಂಬಿಗೆ ತಗುಲೀತು. ಅಂಚಿನಲ್ಲಿ ಅಲ್ಯೂಮಿನಿಯಂ ಅಥವಾ ಪಿವಿಸಿ ಪಟ್ಟಿಯನ್ನು ಸೀಲೆಂಟ್ (ಸಂದು ಮುಚ್ಚುವ ರಬ್ಬರಿನಂಥ ಅಂಟು) ಹಚ್ಚಿ ಕೂರಿಸಿದರೂ ಹನಿ ಅಲ್ಲೇ ಕಡಿದು ಬೀಳುತ್ತದೆ.

ಬಿರುಕುಗಳಲ್ಲಿ ಎಲ್ಲವೂ ಒಂದೇ ಅಲ್ಲ. ಕೂದಲೆಳೆಯಂಥದ್ದನ್ನು ಹಿಗ್ಗುವ ಗುಣದ ಹೊರಗೋಡೆ ಬಣ್ಣವೇ ಮುಚ್ಚುತ್ತದೆ. ಒಂದರಿಂದ ಮೂರು ಮಿ.ಮೀ. ಇದ್ದರೆ ಮೇಲೆ ಲಪ್ಪ (ಪುಟ್ಟಿ) ಬಳಿದು ಪ್ರಯೋಜನವಿಲ್ಲ, ಮೊದಲ ಬೇಸಿಗೆಗೇ ಅದು ಬಾಯಿ ಬಿಡುತ್ತದೆ. ಬಿರುಕನ್ನು ‘ವಿ’ ಆಕಾರದಲ್ಲಿ 5 ಮಿ.ಮೀ. ಅಗಲ, ಅಷ್ಟೇ ಆಳಕ್ಕೆ ಕೆತ್ತಿ, ಧೂಳನ್ನು ಬ್ರಷ್ಷಿನಿಂದ ಪೂರ್ತಿ ತೆಗೆದು, ಫಿಲ್ಲರನ್ನು ಕರಣೆಯ ತುದಿಯಿಂದ ಒತ್ತಿ ತುಂಬಿ. ಒಣಗಿದಾಗ ಕುಗ್ಗಿ ತಗ್ಗು ಬೀಳುವುದು ಸಹಜ, ಎರಡನೇ ಸಲ ತುಂಬಬೇಕಾಗುತ್ತದೆ. ಕಾಂಕ್ರೀಟ್ ಕಂಬಕ್ಕೂ ಇಟ್ಟಿಗೆ ಗೋಡೆಗೂ ನಡುವಿನ ನೇರ ಬಿರುಕು ಮಾತ್ರ ಹಟಮಾರಿ. ಎರಡೂ ಬಿಸಿಲಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಅಲ್ಲಿ ಗಾರೆ ಕಿತ್ತು, ಎರಡೂ ಬದಿಗೆ 10ರಿಂದ 15 ಸೆಂ.ಮೀ. ಹರಡುವಂತೆ ಜಾಲರಿ ಬಡಿದು ಹೊಸ ಗಾರೆ ಹಾಕಬೇಕು. ಮೆಟ್ಟಿಲಿನಂತೆ ಓರೆಯಾಗಿ ಏರುವ, ತಿಂಗಳಿಂದ ತಿಂಗಳಿಗೆ ಅಗಲವಾಗುವ ಬಿರುಕು ಕಂಡರೆ ಕೈ ಹಾಕದೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ. ಅದು ಪಾಯದ ದೂರು.

ಕಿಟಕಿ ಚೌಕಟ್ಟಿನ ಸುತ್ತಲಿನ ಹಳೇ ಸೀಲೆಂಟ್ ಮೇಲೆಯೇ ಹೊಸದನ್ನು ಎಳೆದರೆ ನಿಲ್ಲುವುದಿಲ್ಲ. ಬ್ಲೇಡಿನಿಂದ ಪೂರ್ತಿ ಕೆರೆದು ಒಣಗಿಸಿ. ಸಂದು ಆಳವಾಗಿದ್ದರೆ ಮೊದಲು ಫೋಮ್ ಹುರಿ ತುರುಕಿ. ಸೀಲೆಂಟ್ ಎರಡು ಬದಿಗೆ ಮಾತ್ರ ಅಂಟಿಕೊಂಡು, ಹಿಂಬದಿಗೆ ಅಂಟದಿದ್ದರಷ್ಟೇ ರಬ್ಬರಿನಂತೆ ಎಳೆದಾಡಬಲ್ಲದು. ಮೂರೂ ಕಡೆ ಹಿಡಿದರೆ ಹರಿಯುತ್ತದೆ. ಮೇಲೆ ಬಣ್ಣ ಹೊಡೆಯುವುದಿದ್ದರೆ ಮಾಮೂಲಿ ಸಿಲಿಕೋನ್ ಬೇಡ, ಬಣ್ಣ ಹಿಡಿಯುವ ಪಾಲಿಯುರಿಥೇನ್ ಸೀಲೆಂಟ್ ತನ್ನಿ.

ಪಾಚಿಗೆ ಒಂದು ಪಾಲು ಬ್ಲೀಚ್ ದ್ರಾವಣ, ಮೂರು ಪಾಲು ನೀರು. ಕೈಗವಸು, ಕನ್ನಡಕ ಹಾಕಿಕೊಂಡು ಹಚ್ಚಿ, ಕಾಲು ಗಂಟೆ ಬಿಟ್ಟು ತಿಕ್ಕಿ ತೊಳೆಯಿರಿ. ಇದರ ಜತೆ ಆಸಿಡ್ ಬೆರೆಸಿದರೆ ವಿಷಾನಿಲ ಏಳುತ್ತದೆ. ಬಿಳಿ ಉಪ್ಪು ಎದ್ದಿದ್ದರೆ ಒಣ ಬ್ರಷ್ಷೇ ಸಾಕು, ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗೆ ಹೋಗುತ್ತದೆ.

ಈಗ ಬಣ್ಣ. ಹೊಸ ಗಾರೆಗೆ 28 ದಿನ ಬಿಡಿ. ಗೋಡೆ ಒಣಗಿದೆಯೋ ಎಂದು ತಿಳಿಯಲು ಅರ್ಧ ಮೀಟರ್ ಚದರದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡಿ. ಒಳಗೆ ಹನಿ ಕಂಡರೆ ಇನ್ನೂ ಕಾಯಬೇಕು. ಹೊರಗೆ ಸಿಮೆಂಟ್ ಪುಟ್ಟಿ ಬಿಟ್ಟು ಒಳಗೋಡೆಯ ಅಕ್ರಿಲಿಕ್ ಪುಟ್ಟಿ ಬಳಸಲೇಬೇಡಿ, ತೇವಕ್ಕೆ ಮೆತ್ತಗಾಗುತ್ತದೆ. ಪ್ರೈಮರ್ ಒಂದು ಕೋಟು, ಹೊರಗೋಡೆ ಎಮಲ್ಷನ್ ಎರಡು ಕೋಟು, ನಡುವೆ ನಾಲ್ಕರಿಂದ ಆರು ಗಂಟೆ. ನೀರು ಬೆರೆಸುವುದು ಡಬ್ಬಿಯ ಮೇಲೆ ಬರೆದಷ್ಟೇ. ಉಳಿತಾಯಕ್ಕೆಂದು ತೆಳ್ಳಗೆ ಮಾಡಿದ ಮೂರು ಕೋಟು ಸರಿಯಾದ ಎರಡಕ್ಕೆ ಸಮವಲ್ಲ. ಸುಡುವ ಗೋಡೆಗೆ ಹೊಡೆದರೆ ಬಣ್ಣ ಹಿಡಿಯುವ ಮುಂಚೆಯೇ ಒಣಗುವುದರಿಂದ, ನೆರಳು ಸರಿದ ಕಡೆಗೆ ನೀವೂ ಸರಿಯಿರಿ.

ಮರದ ಬಾಗಿಲಿಗೆ ವಾರ್ನಿಷ್ ಹಚ್ಚುವಾಗ ಮೇಲಿನ-ಕೆಳಗಿನ ಅಂಚು ಮರೆಯಬೇಡಿ, ಮರ ನೀರು ಕುಡಿಯುವುದು ಅಲ್ಲಿಂದಲೇ. ಕಬ್ಬಿಣದ ಗ್ರಿಲ್‌ಗೆ ತುಕ್ಕು ಉಜ್ಜಿದ ದಿನವೇ ಪ್ರೈಮರ್ ಬೀಳಲಿ.

ನೆಲದಿಂದ ಮೊಣಕಾಲೆತ್ತರದವರೆಗೆ ಮಾತ್ರ ತೇವ ಇದ್ದರೆ ಅದು ಹೆಚ್ಚಾಗಿ ಕೆಳಗಿನಿಂದ ಏರುತ್ತಿರುವ ನೀರು. ಅದಕ್ಕೆ ವಾಟರ್‌ಪ್ರೂಫ್ ಬಣ್ಣ ಬಳಿದರೆ ಆವಿಯಾಗಲು ದಾರಿ ಸಿಗದೆ ಇನ್ನೂ ಮೇಲಕ್ಕೆ ಹತ್ತುತ್ತದೆ. ಗೋಡೆಗೆ ಒರಗಿಸಿದ ಮಣ್ಣು, ಹೂಪಾತಿಗಳನ್ನು ತೆಗೆದು, ನೆಲವನ್ನು ಒಳನೆಲದ ಮಟ್ಟಕ್ಕಿಂತ 15 ಸೆಂ.ಮೀ. ತಗ್ಗಿಸಿ, ಮನೆಯಿಂದಾಚೆಗೆ ಮೀಟರಿಗೆ 5 ಸೆಂ.ಮೀ.ನಂತೆ ಇಳಿಜಾರು ಕೊಡಿ. ಆಮೇಲೆ ಒಂದು ಮಳೆಗಾಲ ಆ ಪಟ್ಟಿಗೆ ಬಣ್ಣ ಹಚ್ಚದೆ ಹಾಗೇ ಬಿಡಿ. ತೇವದ ಗೆರೆ ಕೆಳಗಿಳಿಯದಿದ್ದರೆ ಗೋಡೆಯೊಳಗೆ ತೇವತಡೆ ಪದರ ಹಾಕಿಸಬೇಕಾಗುತ್ತದೆ.