ಡಿಸೈನರ್ ತನ್ನ ತತ್ವಗಳನ್ನು ಬರೆದಿಡುವ ಬಗೆ

"ಸರಳತೆ, ಸೌಂದರ್ಯ, ಬಳಕೆದಾರರೇ ಮೊದಲು." ಡಿಸೈನರ್‌ಗಳ ಪೋರ್ಟ್‌ಫೋಲಿಯೊ ತೆರೆದರೆ ಮೊದಲ ಪುಟದಲ್ಲಿ ಇಂಥ ಸಾಲು ಸಿಗುತ್ತದೆ. ಓದಲು ಚೆನ್ನಾಗಿದೆ, ಆದರೆ ಕೆಲಸಕ್ಕೆ ಕೂತಾಗ ಅದರಿಂದ ಯಾವ ಸಹಾಯವೂ ಆಗುವುದಿಲ್ಲ. ಎರಡು ಒಳ್ಳೆಯ ಸಂಗತಿಗಳು ಎದುರುಬದುರಾದಾಗ ಯಾವುದನ್ನು ಬಿಡಬೇಕು ಎಂದು ಹೇಳುವ ವಾಕ್ಯವೇ ನಿಜವಾದ ತತ್ವ. ಅಂಥ ಐದಾರು ವಾಕ್ಯಗಳು ಕೈಯಲ್ಲಿದ್ದರೆ ಚರ್ಚೆಗಳು ಬೇಗ ಮುಗಿಯುತ್ತವೆ, ಹೊಸದನ್ನು ಎಲ್ಲಿ ಪ್ರಯತ್ನಿಸಬೇಕು ಎಂಬುದೂ ಸ್ಪಷ್ಟವಾಗುತ್ತದೆ.

ಹಳೆಯ ಕೆಲಸದಿಂದ ಶುರು ಮಾಡಿ

"ನಾನು ಏನನ್ನು ನಂಬುತ್ತೇನೆ" ಎಂದು ಯೋಚಿಸುತ್ತಾ ಕೂತರೆ ಬೇರೆಯವರ ಮಾತುಗಳೇ ನೆನಪಾಗುತ್ತವೆ. ಜರ್ಮನ್ ವಿನ್ಯಾಸಕ ಡೀಟರ್ ರಾಮ್ಸ್ ಅವರ ಹತ್ತು ತತ್ವಗಳನ್ನು ನಕಲು ಮಾಡುವವರು ಬಹಳ. ಆದರೆ ರಾಮ್ಸ್ ಗೃಹೋಪಕರಣ ತಯಾರಿಸುವ ಬ್ರೌನ್ ಕಂಪನಿ ಸೇರಿದ್ದು 1955ರಲ್ಲಿ, ಆ ತತ್ವಗಳು ರೂಪು ತಳೆಯತೊಡಗಿದ್ದು 1970ರ ದಶಕದಲ್ಲಿ. ಕೆಲಸ ಮೊದಲು ಬಂತು, ವಾಕ್ಯ ಆಮೇಲೆ. ನೀವೂ ಅದೇ ಕ್ರಮದಲ್ಲಿ ಹೋಗಿ.

ಕಳೆದ ಮೂರು ನಾಲ್ಕು ಪ್ರಾಜೆಕ್ಟ್‌ಗಳಿಂದ ಇಪ್ಪತ್ತು ನಿರ್ಧಾರಗಳನ್ನು ಹೆಕ್ಕಿ. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿ: ಏನನ್ನು ಆಯ್ದಿರಿ, ಏನನ್ನು ಬಿಟ್ಟಿರಿ, ಬಿಟ್ಟದ್ದರಿಂದ ಏನು ನಷ್ಟವಾಯಿತು. ಮೂರನೆಯ ಕಾಲಂ ಖಾಲಿ ಉಳಿದರೆ ಅದು ನಿರ್ಧಾರವೇ ಆಗಿರಲಿಲ್ಲ, ಹೊಡೆದುಹಾಕಿ. ಗ್ರಾಹಕರ ಒತ್ತಾಯಕ್ಕೆ ಅಥವಾ ಗಡುವಿನ ಒತ್ತಡಕ್ಕೆ ಮಣಿದು ಮಾಡಿದವಕ್ಕೆ ಬೇರೆ ಗುರುತು ಹಾಕಿ, ಅವು ನಿಮ್ಮ ಒಲವನ್ನು ತೋರಿಸುವುದಿಲ್ಲ. ಉಳಿದವುಗಳಲ್ಲಿ ಒಂದೇ ಬಗೆಯ ತ್ಯಾಗ ಮೂರಕ್ಕಿಂತ ಹೆಚ್ಚು ಸಲ ಕಂಡರೆ ಅಲ್ಲೊಂದು ತತ್ವ ಇದೆ.

ವಾಕ್ಯ ಕಟ್ಟುವುದು

ಪ್ರತಿ ವಾಕ್ಯದಲ್ಲೂ ಗೆಲ್ಲುವುದೂ ಇರಬೇಕು, ಸೋಲುವುದೂ ಇರಬೇಕು. "ಸುಲಭವಾಗಿರಬೇಕು" ಎಂದರೆ ಸಾಲದು. "ಮೊದಲ ಸಲ ಬಳಸುವವರು ತಡವರಿಸಬಾರದು, ಅದಕ್ಕಾಗಿ ನುರಿತವರಿಗೆ ಒಂದು ಹೆಜ್ಜೆ ಹೆಚ್ಚಾದರೂ ಒಪ್ಪುತ್ತೇನೆ" ಎಂದು ಬರೆಯಿರಿ. ನಂತರ ವಾಕ್ಯವನ್ನು ತಿರುಗಿಸಿ ಓದಿ. ತಿರುಗಿಸಿದ ಮಾತನ್ನೂ ಒಬ್ಬ ಒಳ್ಳೆಯ ಡಿಸೈನರ್ ಮನಸಾರೆ ಹೇಳಬಲ್ಲರು ಅನ್ನಿಸಿದರೆ ನಿಮ್ಮ ವಾಕ್ಯಕ್ಕೆ ಜೀವ ಇದೆ. ಮೇಲಿನ ಉದಾಹರಣೆ ಇದರಲ್ಲಿ ಪಾಸಾಗುತ್ತದೆ: ದಿನವಿಡೀ ಒಂದೇ ಉಪಕರಣ ಹಿಡಿದು ದುಡಿಯುವವರಿಗಾಗಿ ವಿನ್ಯಾಸ ಮಾಡುವವರು ಅದರ ವಿರುದ್ಧವನ್ನೇ ಆಯ್ದುಕೊಳ್ಳುತ್ತಾರೆ, ಅದು ಸರಿಯೂ ಹೌದು. "ಗುಣಮಟ್ಟಕ್ಕೆ ಆದ್ಯತೆ" ಫೇಲಾಗುತ್ತದೆ. ಕಳಪೆಗೆ ಆದ್ಯತೆ ಕೊಡುತ್ತೇನೆ ಎನ್ನುವವರು ಯಾರೂ ಇಲ್ಲ.

ಐದರಿಂದ ಏಳು ವಾಕ್ಯ ಸಾಕು. ಅದಕ್ಕಿಂತ ಹೆಚ್ಚಾದರೆ ಕೆಲಸದ ನಡುವೆ ನೆನಪಿಗೆ ಬರುವುದಿಲ್ಲ. ಬರೆದಾದ ಮೇಲೆ ಕ್ರಮಸಂಖ್ಯೆ ಕೊಡಿ. ಎರಡು ವಾಕ್ಯಗಳು ಜಗಳಕ್ಕೆ ಬಿದ್ದಾಗ ಮೇಲಿನದೇ ಗೆಲ್ಲಬೇಕು. ಈ ಕ್ರಮ ಹಚ್ಚುವುದು ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ. ಇಲ್ಲಿ ಅವಸರ ಮಾಡಿದರೆ ಉಳಿದದ್ದೆಲ್ಲ ಅಲಂಕಾರವಾಗಿಬಿಡುತ್ತದೆ.

ಅಳತೆ ಜೋಡಿಸಿ

ಅಳತೆಯಿಲ್ಲದ ತತ್ವ ರುಚಿಯ ವಾದಕ್ಕೆ ಇಳಿಯುತ್ತದೆ. "ಎಲ್ಲರಿಗೂ ಓದಲು ಬರಬೇಕು, ತಿಳಿಬಣ್ಣದ ನಾಜೂಕು ಹೋದರೂ ಸರಿ" ಎಂಬುದು ನಿಮ್ಮ ವಾಕ್ಯ ಎಂದುಕೊಳ್ಳಿ. ವೆಬ್ ಸುಲಭಬಳಕೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯ ಮಧ್ಯಮ ಹಂತದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಹೊಳಪಿನ ವ್ಯತ್ಯಾಸ (ಕಾಂಟ್ರಾಸ್ಟ್) ಬೇಕು, ದೊಡ್ಡ ಅಕ್ಷರಕ್ಕೆ 3:1. ಬಿಳಿ ಹಿನ್ನೆಲೆಯ ಮೇಲೆ 767676 ಸಂಕೇತದ ಬೂದು ಬಣ್ಣ ಈ ಗೆರೆಯನ್ನು ಕೂದಲೆಳೆಯಲ್ಲಿ ದಾಟುತ್ತದೆ. 999999 ಸುಮಾರು 2.85:1ಕ್ಕೇ ನಿಂತು ಸೋಲುತ್ತದೆ. ಸಂಖ್ಯೆ ಬಂದ ಮೇಲೆ "ನನಗೇನೋ ಓದಲು ಬರುತ್ತಿದೆ" ಎಂಬ ವಾದಕ್ಕೆ ಜಾಗ ಇರುವುದಿಲ್ಲ. ಬೆರಳಿನಿಂದ ಒತ್ತುವ ಬಟನ್‌ಗೆ ಆಪಲ್ ಸೂಚಿಸುವುದು 44 ಪಾಯಿಂಟ್, ಆಂಡ್ರಾಯ್ಡ್ ಸೂಚಿಸುವುದು 48 ಡಿಪಿ (ಎರಡೂ ಪರದೆಯ ಮೇಲಿನ ಅಳತೆಯ ಮಾನಗಳು). ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯುವ ಕೈಸಾಧನದ ಹಿಡಿಗೆ ಸುಮಾರು 32ರಿಂದ 50 ಮಿಲಿಮೀಟರ್ ವ್ಯಾಸ ಹೊಂದುತ್ತದೆ. ಇದು ಆರಂಭದ ಅಂದಾಜು, ಕೊನೆಯ ತೀರ್ಪು ಬಳಸುವ ಕೈಗಳದ್ದೇ.

ಹೊಸತನ ಎಲ್ಲಿರಬೇಕು

ಹೊಸತನದ ಬಗ್ಗೆ ಒಂದು ವಾಕ್ಯವಾದರೂ ಪಟ್ಟಿಯಲ್ಲಿ ಇರಲೇಬೇಕು, ಏಕೆಂದರೆ ಹಟಕ್ಕೆ ಬೀಳುವುದು ಇಲ್ಲೇ. ಜನ ಒಪ್ಪಬಲ್ಲ ಮಿತಿಯೊಳಗೆ ಸಾಧ್ಯವಾದಷ್ಟು ಮುಂದೆ ಹೋಗಬೇಕು ಎಂಬುದು ಕೈಗಾರಿಕಾ ವಿನ್ಯಾಸಕ ರೇಮಂಡ್ ಲೋವಿ ಅವರ ಸೂತ್ರವಾಗಿತ್ತು. ಅದನ್ನು ಕೆಲಸಕ್ಕೆ ಇಳಿಸುವ ದಾರಿ ಇದು: ವಸ್ತುವನ್ನು ಭಾಗಭಾಗವಾಗಿ ಪಟ್ಟಿ ಮಾಡಿ, ಪ್ರತಿ ಭಾಗದ ಮುಂದೆ "ಪರಿಚಿತ" ಅಥವಾ "ಹೊಸದು" ಎಂದು ಬರೆಯಿರಿ. "ಹೊಸದು" ಒಂದೆರಡಕ್ಕಿಂತ ಹೆಚ್ಚಾದರೆ ಬಳಸುವವರು ಕಲಿಯುವುದರಲ್ಲೇ ದಣಿಯುತ್ತಾರೆ. ಅಡುಗೆಮನೆ ಸಾಧನಗಳ ಆಕ್ಸೋ ಕಂಪನಿ 1990ರಲ್ಲಿ ತಂದ ಸಿಪ್ಪೆ ಹೆರೆಯುವ ಸಾಧನವನ್ನು ನೋಡಿ. ಹೆರೆಯುವ ಚಲನೆ ಎಲ್ಲರಿಗೂ ಗೊತ್ತಿದ್ದದ್ದೇ. ಬದಲಾವಣೆ ಎದ್ದು ಕಂಡದ್ದು ಹಿಡಿಯಲ್ಲಿ: ದಪ್ಪ, ಮೆತ್ತಗಿನ, ರಬ್ಬರಿನಂಥ ಹಿಡಿ. ಸಂಸ್ಥಾಪಕ ಸ್ಯಾಮ್ ಫಾರ್ಬರ್ ಅವರ ಪತ್ನಿ ಬೆಟ್ಸಿಗೆ ಸಂಧಿವಾತವಿತ್ತು, ಹೊಸತನ ನೋವಿರುವ ಜಾಗಕ್ಕೇ ಹೋಗಿ ಕೂತಿತು. ಸಂಧಿವಾತ ಇಲ್ಲದವರಿಗೂ ಅದೇ ಹಿಡಿ ಹಿತವಾಯಿತು.

ಪ್ರಯೋಗ ಮಾಡುವಾಗಲೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್‌ಗಾಗಿ ಜೇಮ್ಸ್ ಡೈಸನ್ 5,127 ಮಾದರಿಗಳನ್ನು ಮಾಡಿದ್ದು ಈ ಶಿಸ್ತಿನಿಂದಲೇ. ಆಕಾರ, ವಸ್ತು, ಗಾತ್ರ ಮೂರನ್ನೂ ಒಟ್ಟಿಗೆ ಬದಲಿಸಿದರೆ ಫಲ ಸಿಕ್ಕರೂ ಕಾರಣ ಸಿಗುವುದಿಲ್ಲ.

ಪರೀಕ್ಷೆ

ಮೊದಲ ಮಾದರಿ ಕಾಗದದ್ದೋ ರಟ್ಟಿನದ್ದೋ ಇರಲಿ, ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ಹಿಡಿಯದಿರಲಿ. ನುಣುಪಾಗಿ ಮುಗಿಸಿದ ಮಾದರಿ ತೋರಿಸಿದರೆ ಜನ ಬಣ್ಣದ ಬಗ್ಗೆ ಮಾತಾಡುತ್ತಾರೆ, ಒರಟಾಗಿದ್ದರೆ ಬಳಕೆಯ ಬಗ್ಗೆ ಮಾತಾಡುತ್ತಾರೆ. ಐದು ಜನರನ್ನು ಕರೆಯಿರಿ. ಬಳಕೆಯ ಸುಲಭತೆಯನ್ನು ಅಧ್ಯಯನ ಮಾಡಿದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಒಬ್ಬೊಬ್ಬರೂ ಸರಾಸರಿ 31% ತೊಡಕುಗಳನ್ನು ಹೊರಗೆಡಹಿದರೆ, ಐವರಿಂದ ಸುಮಾರು 85% ಸಿಗುತ್ತವೆ. ಈ ಲೆಕ್ಕ ಒಂದೇ ಬಗೆಯ ಬಳಕೆದಾರರಿಗೆ ಮಾತ್ರ. ವೈದ್ಯರೂ ರೋಗಿಗಳೂ ಬಳಸುವ ವಸ್ತುವಾದರೆ ಎರಡೂ ಗುಂಪಿನಿಂದ ಮೂರು ನಾಲ್ಕು ಜನ ಬೇಕು.

"ಇಷ್ಟವಾಯಿತೇ?" ಎಂದು ಕೇಳಲೇಬೇಡಿ. ಎದುರಿಗಿದ್ದವರ ಮನಸ್ಸು ನೋಯಿಸಲು ಯಾರಿಗೂ ಇಷ್ಟವಿರುವುದಿಲ್ಲ, ಹಾಗಾಗಿ "ಹೌದು" ಎಂಬ ಉತ್ತರಕ್ಕೆ ಬೆಲೆಯಿಲ್ಲ. ಒಂದು ಕೆಲಸ ಕೊಟ್ಟು ಸುಮ್ಮನಿರಿ. ಕೈ ಎಲ್ಲಿ ನಿಂತಿತು, ಕಣ್ಣು ಎಲ್ಲಿ ಹುಡುಕಾಡಿತು ಎಂದು ಬರೆದುಕೊಳ್ಳಿ. ಅವರು ತಡವರಿಸಿದಾಗ ವಿವರಿಸುವ ಆಸೆ ಬಲವಾಗಿ ಬರುತ್ತದೆ. ವಿವರಿಸಿದ ಕ್ಷಣಕ್ಕೆ ಪರೀಕ್ಷೆ ಕೆಟ್ಟಿತು. ಸೋಲಿನ ಗೆರೆಯನ್ನು ಮೊದಲೇ ಬರೆದಿಡಿ: "ಐವರಲ್ಲಿ ಕನಿಷ್ಠ ನಾಲ್ವರಾದರೂ ಸಹಾಯವಿಲ್ಲದೆ ಮುಗಿಸದಿದ್ದರೆ ಈ ಯೋಚನೆ ಕೈಬಿಡುತ್ತೇನೆ." ಆಮೇಲೆ ಬರೆಯಲು ಹೋದರೆ, ಪ್ರೀತಿಯಿಂದ ಮಾಡಿದ ವಸ್ತುವಿಗಾಗಿ ಗೆರೆ ತಾನಾಗಿ ಕೆಳಗೆ ಜಾರುತ್ತದೆ.

ತತ್ವವನ್ನು ಬಳಕೆದಾರರ ವಿರುದ್ಧ ಗುರಾಣಿಯಾಗಿ ಹಿಡಿಯುವ ಅಪಾಯವೂ ಉಂಟು. ಐವರೂ ಒಂದೇ ಕಡೆ ಎಡವಿದ್ದಾಗ "ನಮ್ಮ ಎರಡನೆಯ ವಾಕ್ಯ ಹೀಗೇ ಹೇಳುತ್ತದೆ" ಎಂದು ವಾದಿಸುವಂತಿಲ್ಲ. ಆಗ ತಿದ್ದಬೇಕಾದದ್ದು ವಿನ್ಯಾಸವೋ ವಾಕ್ಯವೋ ಎಂದು ನೋಡಬೇಕು. ಒಂದೇ ವಾಕ್ಯ ಬೇರೆ ಬೇರೆ ಪ್ರಾಜೆಕ್ಟ್‌ಗಳಲ್ಲಿ ಎರಡು ಮೂರು ಸಲ ಎಡವಿಸಿದರೆ ವಾಕ್ಯವೇ ತಪ್ಪು.

ಚಾಲ್ತಿಯಲ್ಲಿಡುವುದು

ತಂಡದ ಪರಿಶೀಲನೆಯಲ್ಲಿ ವಾಕ್ಯದ ಸಂಖ್ಯೆ ಹಿಡಿದು ಮಾತಾಡುವ ರೂಢಿ ಮಾಡಿ: "ಈ ಮೆನು ಮೂರನೆಯದಕ್ಕೆ ಹೊಂದುತ್ತಿಲ್ಲ." ಟೀಕೆ ವ್ಯಕ್ತಿಯಿಂದ ಕೆಲಸದ ಕಡೆಗೆ ಸರಿಯುತ್ತದೆ, ಹೊಸಬರಿಗೂ ಹಿರಿಯರನ್ನು ಪ್ರಶ್ನಿಸುವ ಧೈರ್ಯ ಬರುತ್ತದೆ. ಯಾವ ವಾಕ್ಯ ಯಾವುದನ್ನು ತಿರಸ್ಕರಿಸಿತು ಎಂದು ಅಲ್ಲೇ ಒಂದು ಸಾಲಿನಲ್ಲಿ ದಾಖಲಿಸಿ. ಆರು ತಿಂಗಳಿಗೊಮ್ಮೆ ಆ ದಾಖಲೆ ತೆರೆದು, ಒಂದನ್ನೂ ತಿರಸ್ಕರಿಸದ ವಾಕ್ಯವನ್ನು ಪಟ್ಟಿಯಿಂದ ತೆಗೆಯಿರಿ. ಹಳೆಯ ಪಟ್ಟಿಯನ್ನು ಅಳಿಸಬೇಡಿ. ದಿನಾಂಕ ಮತ್ತು ಬದಲಿಸಿದ ಕಾರಣ ಬರೆದು ಪಕ್ಕಕ್ಕಿಡಿ. ಎರಡು ವರ್ಷದ ಹಿಂದಿನ ವಸ್ತುವೊಂದು ದುರಸ್ತಿಗೋ ಮರುವಿನ್ಯಾಸಕ್ಕೋ ಬಂದಾಗ ಅದು ಹಾಗೇಕೆ ಇದೆ ಎಂಬುದಕ್ಕೆ ಉತ್ತರ ಆ ಹಾಳೆಯಲ್ಲಿ ಸಿಗುತ್ತದೆ.