ಹಗುರ ರಾಕೆಟ್ ಕಟ್ಟುವುದು ಹೇಗೆ?

ಮಾದರಿ ರಾಕೆಟ್ ಕಿಟ್‌ನ ಪೆಟ್ಟಿಗೆ ಬಿಚ್ಚಿದ ಕೂಡಲೇ ಅಂಟು ಹುಡುಕಬೇಡಿ, ತಕ್ಕಡಿ ತನ್ನಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಕಾಗದದ ಕೊಳವೆ, ಪ್ಲೈವುಡ್ ರೆಕ್ಕೆ, ಮೋಟಾರು ಕೊಳವೆಯನ್ನು ನಡುವೆ ಹಿಡಿದಿಡುವ ಬಳೆ, ಮೂತಿ, ಪ್ಯಾರಾಚೂಟ್ ಎಲ್ಲವನ್ನೂ ತೂಗಿ ಬರೆದಿಡಿ. ಮಾದರಿ ರಾಕೆಟ್‌ಗಳಲ್ಲಿ ‘ಅಧಿಕ ಶಕ್ತಿ’ ಎಂಬ ವರ್ಗ ಸಾಮಾನ್ಯವಾಗಿ ‘ಎಚ್’ ಮೋಟಾರಿನಿಂದ, ಅಂದರೆ ಒಟ್ಟು ಆವೇಗ (ನೂಕುಬಲವನ್ನು ಅದು ಇರುವ ಸಮಯದಿಂದ ಗುಣಿಸಿದ್ದು) 160 ನ್ಯೂಟನ್-ಸೆಕೆಂಡ್ ದಾಟಿದಲ್ಲಿಂದ ಶುರುವಾಗುತ್ತದೆ. ಮೋಟಾರಿನ ವರ್ಗ ಸೂಚಿಸುವ ಇಂಗ್ಲಿಷ್ ಅಕ್ಷರ ಒಂದೊಂದು ಮುಂದೆ ಹೋದಂತೆ ಈ ಮಿತಿ ಇಮ್ಮಡಿಯಾಗುತ್ತದೆ. ಇಷ್ಟು ಶಕ್ತಿ ಇರುವಾಗ ತೂಕದ ಚಿಂತೆ ಏಕೆ ಎನ್ನುವವರಿದ್ದಾರೆ. ಆದರೆ ರಾಕೆಟ್ ಹಗುರವಾದಷ್ಟೂ ಚಿಕ್ಕ ಮೋಟಾರು ಸಾಲುತ್ತದೆ, ನೆಲಕ್ಕಿಳಿಯುವಾಗ ಪೆಟ್ಟೂ ಕಡಿಮೆ.

ತೂಕ ಏರುವುದು ಬಹುಮಟ್ಟಿಗೆ ಅಂಟಿನಿಂದ, ಅದೂ ಬಾಲದ ಕಡೆ. ಅಲ್ಲಿ 30 ಗ್ರಾಂ ಹೆಚ್ಚಾಯಿತು ಎಂದಿಟ್ಟುಕೊಳ್ಳಿ. ಗುರುತ್ವ ಕೇಂದ್ರದಿಂದ ಬಾಲಕ್ಕಿರುವ ದೂರದ ಎರಡರಷ್ಟು ದೂರದಲ್ಲಿ ಮೂತಿ ಇದ್ದರೆ, ಸಮತೋಲಕ್ಕೆ ಅಲ್ಲಿ ಇನ್ನೂ 15 ಗ್ರಾಂ ಸೇರಿಸಬೇಕು. ಚೆಲ್ಲಿದ ಅಂಟಿಗೆ ಹೀಗೆ ಎರಡು ಸಲ ಬೆಲೆ ತೆರುತ್ತೇವೆ.

ಅಂಟು ಮತ್ತು ರೆಕ್ಕೆ

ನಿಧಾನವಾಗಿ ಗಟ್ಟಿಯಾಗುವ, ಎರಡು ಭಾಗಗಳ ಎಪಾಕ್ಸಿಯನ್ನೇ ಬಳಸಿ. ಐದು ನಿಮಿಷದ ಎಪಾಕ್ಸಿ ಮೋಟಾರಿನ ಬಿಸಿಗೆ ಬೇಗ ಮೆತ್ತಗಾಗುತ್ತದೆ. ಮಲ್ಪೆಯಲ್ಲಿ ಫೈಬರ್ ದೋಣಿ ಕಟ್ಟುವವರ ಬಳಿ ರಾಳ ಸುಲಭವಾಗಿ ಸಿಗುತ್ತದಲ್ಲ ಎಂದು ಆಸೆಪಡಬೇಡಿ. ಅಂಥ ಕೆಲಸಕ್ಕೆ ಸಾಮಾನ್ಯವಾಗಿ ಬಳಸುವುದು ಪಾಲಿಯೆಸ್ಟರ್ ರಾಳ. ಮರವನ್ನು ಅದು ಎಪಾಕ್ಸಿಯಷ್ಟು ಬಿಗಿಯಾಗಿ ಹಿಡಿಯುವುದಿಲ್ಲ.

ಮೊದಲು ಮೋಟಾರು ಕೊಳವೆಗೆ, ಅಂದರೆ ಮೋಟಾರು ಕೂರುವ ಒಳಗಿನ ಕೊಳವೆಗೆ, ಬಳೆಗಳನ್ನು ಕೂರಿಸಿ. ಅಂಟು ಹಚ್ಚುವ ಜಾಗವನ್ನೆಲ್ಲ ಮರಳು ಕಾಗದದಿಂದ ಉಜ್ಜಿ ಒರಟಾಗಿಸಿ. ಹೊರ ಕೊಳವೆಯ ಮೇಲೆ ಉದ್ದಕ್ಕೂ ನೇರ ಗೆರೆ ಎಳೆಯಲು ಅಲ್ಯುಮಿನಿಯಂನ ಎಲ್ ಆಕಾರದ ಪಟ್ಟಿಯನ್ನು ಒತ್ತಿ ಹಿಡಿದರೆ ಸಾಕು. ಮೂರು ರೆಕ್ಕೆಗಳಾದರೆ ಅವುಗಳ ನಡುವೆ 120 ಡಿಗ್ರಿ ಅಂತರವಿರಲಿ. ರೆಕ್ಕೆಯ ಬುಡ ಹೊರ ಕೊಳವೆಯ ಸೀಳಿನೊಳಗೆ ತೂರಿ ಮೋಟಾರು ಕೊಳವೆಗೇ ಅಂಟಬೇಕು. ಈ ಜೋಡಣೆ ಎಷ್ಟು ಗಟ್ಟಿಯೆಂದರೆ, ಹೊರಗೆ ದಪ್ಪ ಅಂಟಿನ ಪಟ್ಟಿಯ ಅಗತ್ಯವೇ ಬೀಳುವುದಿಲ್ಲ.

ಹೊರಗಿನ ಮೂಲೆಗೆ ಮಾತ್ರ ತಾಳ್ಮೆ ಬೇಕು. ರಾಕೆಟ್ ಅಡ್ಡ ಮಲಗಿಸಿ, ಎರಡು ರೆಕ್ಕೆಗಳ ನಡುವಿನ ಕಣಿವೆ ಮೇಲ್ಮುಖವಾಗುವಂತೆ ಇಡಿ. ಮೂಲೆಯ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ತೆಳುವಾಗಿ ಎಪಾಕ್ಸಿ ಬಿಟ್ಟು, ಐಸ್ ಕ್ಯಾಂಡಿ ಕಡ್ಡಿಯ ದುಂಡು ತುದಿಯನ್ನು ಒಂದೇ ಸಮ ಎಳೆಯಿರಿ. ಕಡ್ಡಿಯ ಮೇಲೆ ಉಳಿದದ್ದನ್ನು ಒರೆಸಿ ಎಸೆಯಿರಿ, ಮತ್ತೆ ಮೂಲೆಗೆ ತುಂಬಬೇಡಿ. ಅಂಟು ಬಿಗಿಯುವ ಮೊದಲೇ ಟೇಪ್ ಕೀಳಿ.

ಆಟಿ ತಿಂಗಳ ಮಳೆಯಲ್ಲಿ ಈ ಕೆಲಸ ಮಾಡಿದರೆ ಗಟ್ಟಿಯಾದ ಎಪಾಕ್ಸಿಯ ಮೇಲೆ ಕೆಲವೊಮ್ಮೆ ಜಿಡ್ಡಿನ ಪೊರೆ ಕೂರುತ್ತದೆ. ಗಾಳಿಯ ತೇವದೊಂದಿಗೆ ಗಟ್ಟಿಕಾರಕ ಬೆರೆತು ಆಗುವಂಥದ್ದು ಅದು. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಉಜ್ಜಿದ ಮೇಲೆಯೇ ಮುಂದಿನ ಪದರ. ಬಣ್ಣವನ್ನೂ ಒಣ ಹವೆಯ ದಿನವೇ, ತೆಳುವಾಗಿ ಬಳಿಯಿರಿ.

ಮೂತಿ, ಹಗ್ಗ, ಪ್ಯಾರಾಚೂಟ್

ಕರಾವಳಿಯಲ್ಲಿ ನಾನು ಹೆಚ್ಚು ಎಚ್ಚರ ವಹಿಸುವುದು ಮೂತಿಯ ವಿಷಯದಲ್ಲಿ. ಕಾಗದದ ಕೊಳವೆ ತೇವ ಹೀರಿ ಉಬ್ಬುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಜಾರುತ್ತಿದ್ದ ಮೂತಿ ಮಳೆಗಾಲದಲ್ಲಿ ಕಚ್ಚಿಕೊಂಡರೆ ಪ್ಯಾರಾಚೂಟ್ ಹೊರಬರುವುದೇ ಇಲ್ಲ. ಬಿಗಿಯಾದರೆ ಮೂತಿಯ ಬುಡವನ್ನು ಉಜ್ಜಿ, ಸಡಿಲವಾದರೆ ಒಂದು ಸುತ್ತು ಟೇಪ್ ಸುತ್ತಿ. ಇದನ್ನು ಹಾರಿಸುವ ದಿನವೇ ಪರೀಕ್ಷಿಸಬೇಕು. ಮೇಲೇರುವಾಗ ಒಳಗಿನ ಗಾಳಿಯ ಒತ್ತಡ ಮೂತಿಯನ್ನು ಮೊದಲೇ ದೂಡದಂತೆ ಕೊಳವೆಗೆ 3 ಮಿ.ಮೀ.ನ ಒಂದು ತೂತು ಕೊರೆಯಿರಿ.

ಮೂತಿ ಮತ್ತು ಕೊಳವೆಯನ್ನು ಜೋಡಿಸುವ ಹಗ್ಗಕ್ಕೆ, ಮೋಟಾರಿನ ಹತ್ತಿರದ ಭಾಗದಲ್ಲಿ, ಬಿಸಿ ತಾಳುವ ಕೆವ್ಲಾರ್ ನೂಲು ಇರಲಿ. ಮೀನು ಬಲೆಯ ನೈಲಾನ್ ಹಗ್ಗ ಬಲವಾದದ್ದೇ, ಆದರೆ ಪ್ಯಾರಾಚೂಟನ್ನು ಹೊರದೂಡುವ ಬಿಸಿ ಅನಿಲಕ್ಕೆ ಕರಗುತ್ತದೆ. ಇಳಿಯುವ ತೂಕ ಒಂದು ಕಿಲೋ ಇದ್ದರೆ ಹೆಚ್ಚುಕಡಿಮೆ ಒಂದು ಮೀಟರ್ ವ್ಯಾಸದ ಪ್ಯಾರಾಚೂಟ್ ಅದನ್ನು ಸೆಕೆಂಡಿಗೆ ಐದಾರು ಮೀಟರ್ ವೇಗದಲ್ಲಿ ಇಳಿಸುತ್ತದೆ.

ಹಾರಾಟಕ್ಕೆ ಮುನ್ನ

ಮೋಟಾರಿನ ತೂಕವನ್ನೂ ಸೇರಿಸಿ, ರಾಕೆಟ್ಟನ್ನು ದಾರದಲ್ಲಿ ತೂಗುಹಾಕಿ ಗುರುತ್ವ ಕೇಂದ್ರ ಗುರುತಿಸಿ. ಗಾಳಿಯ ಒತ್ತಡ ಕೇಂದ್ರವನ್ನು, ಅಂದರೆ ಗಾಳಿಯ ಬಲವೆಲ್ಲ ಒಟ್ಟಾಗಿ ಬೀಳುವ ಬಿಂದುವನ್ನು, ‘ಓಪನ್ ರಾಕೆಟ್’ ಎಂಬ ಉಚಿತ ತಂತ್ರಾಂಶ ಲೆಕ್ಕ ಹಾಕಿಕೊಡುತ್ತದೆ. ಗುರುತ್ವ ಕೇಂದ್ರವು ಅದಕ್ಕಿಂತ ಕನಿಷ್ಠ ಒಂದು ಕೊಳವೆಯ ವ್ಯಾಸದಷ್ಟು ಮೂತಿಯ ಕಡೆಗಿರಬೇಕು. ಚಿಮ್ಮುವಾಗಿನ ನೂಕುಬಲ ತೂಕದ ಐದು ಪಟ್ಟಾದರೂ ಇರಲಿ, 1.2 ಕಿಲೋ ರಾಕೆಟ್‌ಗೆ ಸುಮಾರು 60 ನ್ಯೂಟನ್.

ಮೋಟಾರನ್ನು ಮನೆಯಲ್ಲಿ ತಯಾರಿಸುವ ಯೋಚನೆಯನ್ನೂ ಮಾಡಬೇಡಿ. ಅದು ಕೈ, ಕಣ್ಣು ಕಳೆಯುವ ಕೆಲಸ. 1884ರ ಸ್ಫೋಟಕಗಳ ಕಾಯ್ದೆಯ ವ್ಯಾಖ್ಯೆಯಲ್ಲಿ ರಾಕೆಟ್‌ನ ಹೆಸರೇ ಇದೆ. ಪಣಂಬೂರು, ಮಲ್ಪೆಯ ಕಡಲತೀರ ಬಯಲಾಗಿ ಕಂಡರೂ ಜನ ತುಂಬಿರುತ್ತಾರೆ, ಬಜ್ಪೆ ವಿಮಾನ ನಿಲ್ದಾಣದ ವಿಮಾನಗಳೂ ಇದೇ ಆಕಾಶದಲ್ಲಿ ಹಾರುತ್ತವೆ. ಮಧ್ಯಾಹ್ನದ ಕಡಲಗಾಳಿಗೆ ರಾಕೆಟ್ ಸಮುದ್ರದ ಕಡೆ ಮುಖ ತಿರುಗಿಸುತ್ತದೆ, ಪ್ಯಾರಾಚೂಟ್ ತೆಂಗಿನ ತೋಟದ ಕಡೆ ತೇಲುತ್ತದೆ. ಪರವಾನಗಿ ಇರುವ ಮೋಟಾರು, ಆಡಳಿತದ ಲಿಖಿತ ಅನುಮತಿ, ಅನುಭವಿಗಳ ಮೇಲ್ವಿಚಾರಣೆ ಮೂರೂ ಸಿಕ್ಕಿದ ಮೇಲೆಯೇ ಹಾರಾಟ. ಅಲ್ಲಿಯವರೆಗೆ ರಾಕೆಟ್ಟನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸಮತಟ್ಟಾದ ಕಪಾಟಿನಲ್ಲಿ ಮಲಗಿಸಿಡಿ. ಗೋಡೆಗೆ ಒರಗಿಸಿಟ್ಟರೆ ಕೊಳವೆ ಬಾಗುತ್ತದೆ.