ಆರ್‌ಟಿಐ ಹಾಕ್ತೀರಾ? ‘ಯಾಕೆ’ ಅಂತ ಕೇಳ್ಬೇಡಿ, ಕಾಗದ ಕೇಳಿ

ಮೊದಲ್ನೇ ಸಲ ಆರ್‌ಟಿಐ ಅರ್ಜಿ ಹಾಕಿದಾಗ ನಾನು ಕೇಳಿದ್ದು ಹೀಗೆ: ‘ನಮ್ಮ ಬೀದಿ ರಸ್ತೆ ಒಂದು ಮಳೆಗಾಲಕ್ಕೇ ಯಾಕೆ ಕಿತ್ತೋಯ್ತು? ಯಾರು ಜವಾಬ್ದಾರಿ? ಯಾವಾಗ ಸರಿ ಮಾಡ್ತೀರಾ?’ ಸಿಟ್ಟಲ್ಲಿ ಎರಡು ಪುಟ ಗೀಚಿದ್ದೆ. ತಿಂಗಳಾದ್ಮೇಲೆ ಬಂದಿದ್ದು ಒಂದೇ ಸಾಲು, ‘ತಾವು ಕೋರಿರುವುದು ಮಾಹಿತಿಯ ವ್ಯಾಖ್ಯೆಗೆ ಒಳಪಡುವುದಿಲ್ಲ’. ಚೆನ್ನಾಗಿ ಬೈಕೊಂಡೆ, ಆಮೇಲೆ ಕಾಯ್ದೆ ತೆಗೆದು ಓದಿದ್ರೆ ತಪ್ಪು ನಂದೇ.

2005ರ ಮಾಹಿತಿ ಹಕ್ಕು ಕಾಯ್ದೆ ಸೆಕ್ಷನ್ 2(ಎಫ್) ಪ್ರಕಾರ ಮಾಹಿತಿ ಅಂದ್ರೆ ದಾಖಲೆ, ಆದೇಶ, ಲಾಗ್‌ಬುಕ್, ಕರಾರು, ವರದಿ ಇಂಥವು, ಅಂದ್ರೆ ಆಫೀಸಿನ ಬೀರುನಲ್ಲಿ ಆಗ್ಲೇ ಇರೋದು. ಇಲ್ಲದ್ದನ್ನ ಹೊಸದಾಗಿ ತಯಾರಿಸಿ ಕೊಡೋ ಹೊಣೆ ಅಧಿಕಾರಿಗಿಲ್ಲ ಅಂತ ಸುಪ್ರೀಂ ಕೋರ್ಟು 2011ರಲ್ಲಿ ಸಿಬಿಎಸ್‌ಇ ಉತ್ತರ ಪತ್ರಿಕೆ ಕೇಸಲ್ಲೇ ಹೇಳಿಬಿಟ್ಟಿದೆ.

ಹಾಗಾಗಿ ಮೊದಲ ಕೆಲಸ, ನಿಮ್ಮ ಪ್ರಶ್ನೆಗೆ ಉತ್ತರ ಯಾವ ಕಾಗದದಲ್ಲಿ ಕೂತಿದೆ ಅಂತ ಯೋಚ್ನೆ ಮಾಡೋದು. ಇದೇ ಕಷ್ಟದ ಭಾಗ, ಇಲ್ಲೇ ಟೈಮ್ ಹಾಕಿ. ‘ಯಾಕೆ ಕಿತ್ತೋಯ್ತು’ ಅನ್ನೋದು ‘ಗುಣಮಟ್ಟ ಪರೀಕ್ಷಾ ವರದಿಯ ದೃಢೀಕೃತ ಪ್ರತಿ’ ಆಗುತ್ತೆ. ‘ಯಾರು ಜವಾಬ್ದಾರಿ’ ಅನ್ನೋದು ವರ್ಕ್ ಆರ್ಡರ್ ಮತ್ತೆ ಎಂಬಿ ಬುಕ್ ಪ್ರತಿ ಆಗುತ್ತೆ, ಅದೇ ಇಂಜಿನಿಯರ್ ಅಳತೆ ಬರೆದು ಸಹಿ ಹಾಕೋ ಪುಸ್ತಕ, ಬಿಲ್ ಪಾಸಾಗೋದು ಅದ್ರ ಮೇಲೆನೇ. ‘ಯಾವಾಗ ಸರಿ ಮಾಡ್ತೀರಾ’ ಬದಲು ಗುತ್ತಿಗೆ ಕರಾರಲ್ಲಿ ರಿಪೇರಿ ಹೊಣೆ ಎಷ್ಟು ವರ್ಷ ಅಂತ ಬರೆದಿರೋ ಪುಟ ಕೇಳಿ.

ಆಮೇಲೆ ಬೇಲಿ ಹಾಕಿ. ‘ನಮ್ಮ ಊರಿನ ಎಲ್ಲಾ ಕಾಮಗಾರಿ’ ಅಂದ್ರೆ ಕೆಲಸ ಕೆಡ್ತು. ಯಾವ ರಸ್ತೆ, ಯಾವ ಮನೆಯಿಂದ ಯಾವ ಸರ್ಕಲ್ ತನಕ, ಯಾವ ಆರ್ಥಿಕ ವರ್ಷ ಅಂತ ಬರೀರಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು (ನನಗೆ ಈ ನಿಯಮ ಅಷ್ಟೇನೂ ಇಷ್ಟ ಇಲ್ಲ, ಆದ್ರೆ ಬರವಣಿಗೆ ಬಿಗಿ ಆಗೋದಂತೂ ನಿಜ). ರಸ್ತೆ ಜೊತೆ ಬೀದಿದೀಪ ಸೇರಿಸ್ಬೇಡಿ, ಅದಕ್ಕೆ ಬೇರೆ ಅರ್ಜಿ.

ಕಾರಣ ಬರೆಯೋದೇ ಬೇಡ, ಸೆಕ್ಷನ್ 6(2) ಪ್ರಕಾರ ಅವರು ಕೇಳೋ ಹಾಗೂ ಇಲ್ಲ. ಬೈಗುಳ, ಆರೋಪ ಎಲ್ಲ ಹೊಡೆದು ಹಾಕಿ. ಫೀ 10 ರೂಪಾಯಿ, ಪೋಸ್ಟಲ್ ಆರ್ಡರ್ ನಡೆಯುತ್ತೆ. ತಪ್ಪು ಆಫೀಸಿಗೆ ಹೋದ್ರೂ ಅವರೇ 5 ದಿನದೊಳಗೆ ಸರಿಯಾದ ಕಡೆ ಕಳಿಸ್ಬೇಕು. ಉತ್ತರಕ್ಕೆ 30 ದಿನ, ಬರ್ಲಿಲ್ಲ ಅಂದ್ರೆ ಅಲ್ಲಿಂದ ಇನ್ನೊಂದು 30 ದಿನದೊಳಗೆ ಮೊದಲ ಮೇಲ್ಮನವಿ, ಅದಕ್ಕೇ ಅರ್ಜಿ ಕೊಟ್ಟ ಸ್ವೀಕೃತಿ ಜೋಪಾನ.

ತುಂಬಾ ಜನಕ್ಕೆ ಗೊತ್ತಿಲ್ಲದ್ದು ಒಂದಿದೆ, ಸೆಕ್ಷನ್ 2(ಜೆ)ನಲ್ಲಿ ಕಡತ ಅಷ್ಟೇ ಅಲ್ಲ ಕಾಮಗಾರಿನೇ ಪರಿಶೀಲಿಸೋದಕ್ಕೆ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಸ್ಯಾಂಪಲ್ ತಗೊಳ್ಳೋದಕ್ಕೆ ಕೂಡ ಹಕ್ಕಿದೆ.

ನನ್ನ ಎರಡನೇ ಅರ್ಜಿ ನಾಲ್ಕೇ ಸಾಲು. ಎಂಬಿ ಬುಕ್ ಪ್ರತಿ ಪುಟಕ್ಕೆ 2 ರೂಪಾಯಿ ಲೆಕ್ಕದಲ್ಲಿ ಕೈಗೆ ಬಂತು, ಅವತ್ತು ಸಂಜೆನೇ ಹಾರ್ಡ್‌ವೇರ್ ಅಂಗಡಿಯಿಂದ ಅಳತೆ ಟೇಪು ತಂದು ರಸ್ತೆಗಿಳಿದೆ, ಇನ್ನೊಂದು ತುದಿ ಹಿಡ್ಕೊಳ್ಳೋಕೆ ಪಕ್ಕದ್ಮನೆ ಅಂಕಲ್ ಬಂದ್ರು.